ತಾರೆಯನ್ನು ಅಳಿಸಿದ ಮಂಡಕ್ಕಿ

ಮಿರ್ಚಿ ಕಟ್ಟಿಕೊಟ್ಟ ಪೇಪರನ್ನು ಓದದೆ ಬಿಸಾಡಿದರೆ ನನಗೆ ಆ ಮಿರ್ಚಿ ಜೀರ್ಣವಾಗುವುದಿಲ್ಲ. ಇದು ಚಿಕ್ಕಂದಿನಿಂದ ಅಂಟಿಕೊಂಡ ರೋಗ. ಮನೆಗೆ ಪೇಪರು ಹಾಕಿಸಿಕೊಳ್ಳುವಷ್ಟು ಓದಿನ ಹುಚ್ಚು ನಮ್ಮಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಲೋಕದ ಸಮಾಚಾರವೆಲ್ಲ ನನಗೆ ಎಣ್ಣೆಯಲ್ಲಿ ಅದ್ದಿಕೊಂಡೇ ಬರುತ್ತಿತ್ತು, ಅದೂ ಅರ್ಧರ್ಧ. ಪಂದ್ಯದಲ್ಲಿ ಯಾರು ಗೆದ್ದರೆಂದು ಗೊತ್ತಾದರೆ ಯಾರ ಮೇಲೆ ಗೆದ್ದರೆಂದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಯಾವುದೋ ಧಾರಾವಾಹಿಯ ಎಂಟನೇ ಕಂತಿನಲ್ಲಿ ನಾಯಕಿ ಬಾವಿಗೆ ಹಾರಿದ್ದನ್ನು ಓದಿ ಎರಡು ದಿನ ಸಪ್ಪಗಿದ್ದೆ. ಮೂರನೆಯ ದಿನ ಬಜಿ ಕಟ್ಟಿದ ಹಾಳೆಯಲ್ಲಿ ಅದರದೇ ಐದನೇ ಕಂತು ಸಿಕ್ಕು, ಆಕೆಗೆ ಈಜು ಬರುತ್ತದೆಂದು ತಿಳಿದ ಮೇಲೆ ಸಮಾಧಾನವಾಯಿತು. ಇಷ್ಟು ಜ್ಞಾನದ ಬಲದಿಂದಲೇ ನಾನು ಹಗರಿಬೊಮ್ಮನಹಳ್ಳಿಯ ಕಡೆ ದನದ ದವಾಖಾನೆಯಲ್ಲಿ ಕಂಪೌಂಡರನಾಗಿ ನೌಕರಿ ಮುಗಿಸಿದೆ. ಎಮ್ಮೆಗಳು ಮರುಪ್ರಶ್ನೆ ಕೇಳುವುದಿಲ್ಲ, ನೋಡಿ.

ಹೋದ ತಿಂಗಳು ಹರಪನಹಳ್ಳಿಗೆ ಹೋಗಬೇಕಾಗಿತ್ತು. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಬಸ್ ಸ್ಟ್ಯಾಂಡಿನ ಪಕ್ಕದ ಬಂಡಿಯಲ್ಲಿ ಎರಡು ಮಿರ್ಚಿ ತೆಗೆದುಕೊಂಡೆ. ಡಾಕ್ಟರು ಎಣ್ಣೆಯ ಪದಾರ್ಥ ಬೇಡವೆಂದು ಹೇಳಿದ್ದಾರೆ. ಮನೆಯಲ್ಲಿ ಬೇಡವೆಂದು ಹೇಳಿದ್ದಾರೆ, ಬಸ್ ಸ್ಟ್ಯಾಂಡಿನಲ್ಲಿ ಬೇಡವೆಂದು ಹೇಳಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ತಿಂದು, ಕೈ ಒರೆಸಿಕೊಂಡು, ಹಾಳೆ ಬಿಡಿಸಿದರೆ ಅದರೊಳಗಿನಿಂದ ಕುಮುದಮಾಲಾ ನನ್ನನ್ನೇ ನೋಡುತ್ತಿದ್ದಳು. ಮೂಗಿನ ಮೇಲೆ ಎಣ್ಣೆ ಇಳಿದಿತ್ತು, ಆದರೂ ಗುರುತು ಹಿಡಿದೆ. ಆ ಕಣ್ಣುಗಳನ್ನು ಮರೆಯುವುದು ನಮ್ಮ ವಯಸ್ಸಿನವರಿಂದ ಆಗದ ಮಾತು.

ಕುಮುದಮಾಲಾ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಕಪ್ಪುಬಿಳುಪಿನ ಕಾಲದ ದೊಡ್ಡ ತಾರೆ. ಅಳುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ ಎಂದು ಹೆಸರು. ಆಕೆಯ ಸಿನಿಮಾಕ್ಕೆ ನಮ್ಮ ಓಣಿಯ ಹೆಂಗಸರು ಹೋಗುವಾಗ ಕೈಯಲ್ಲಿ ಟವೆಲ್ಲು ಹಿಡಿದುಕೊಂಡೇ ಹೋಗುತ್ತಿದ್ದರು. ಟೆಂಟಿನೊಳಗೆ ಪರದೆಯ ಮೇಲೆ ಆಕೆ ಅಳಲು ಸುರು ಮಾಡಿದಳೆಂದರೆ ಕೆಳಗೆ ಕೂತವರು ಮೂಗು ಸೀಟುವ ಸದ್ದಿಗೆ ಮುಂದಿನ ಮಾತು ಕೇಳುತ್ತಿರಲಿಲ್ಲ. ನಾನೂ ಅತ್ತಿದ್ದೇನೆ. ಯಾಕೆಂದು ಗೊತ್ತಿರಲಿಲ್ಲ, ಅವ್ವ ಅಳುತ್ತಿದ್ದಳು ಅಂತ ನಾನೂ ಅಳುತ್ತಿದ್ದೆ.

ಆ ಹಾಳೆ ಆಕೆಯೇ ವಾರಪತ್ರಿಕೆಗೆ ಬರೆಯುತ್ತಿದ್ದ ತನ್ನ ಬದುಕಿನ ಕಥೆಯ ಒಂದು ಕಂತು. ನಿಂತಲ್ಲೇ ಓದಿದೆ. ನಾಟಕದ ಕಂಪನಿಯಲ್ಲಿ ವಿದೂಷಕಿಯ ಪಾತ್ರ ಮಾಡಿಕೊಂಡಿದ್ದ ಹುಡುಗಿಯಂತೆ ಆಕೆ. ನಗಿಸುವುದೇ ಆಕೆಯ ಸ್ವಭಾವ. ಸಿನಿಮಾಕ್ಕೆ ಬಂದು ಮೊದಲ ದೊಡ್ಡ ಪಾತ್ರ ಸಿಕ್ಕಾಗ ಅದರಲ್ಲಿ ಅಳಬೇಕಾಗಿತ್ತು, ಅಳು ಬರಲೊಲ್ಲದು. ಗ್ಲಿಸರಿನ್ ಹಾಕಿದರೆ ಕಣ್ಣು ಊದಿಕೊಂಡು ಮುಚ್ಚಿಯೇ ಹೋಗುತ್ತಿದ್ದವು. ಬೆಟ್ಟದ ಮೇಲಿನ ಕೋಟೆಯಲ್ಲಿ ಎರಡು ದಿನ ಎಲ್ಲರೂ ಕಾದರು. ಮೂರನೆಯ ದಿನವೂ ಅಳದಿದ್ದರೆ ಬೇರೆ ನಟಿಯನ್ನು ಕರೆಸುತ್ತೇನೆ ಎಂದು ನಿರ್ದೇಶಕ ಹೇಳಿಬಿಟ್ಟನಂತೆ. ಆ ಬೆಟ್ಟದ ಹೆಸರು ಓದಿದ ಕೂಡಲೇ ನನ್ನ ಬಾಯಲ್ಲಿದ್ದ ಮಿರ್ಚಿಯ ಖಾರ ಇಳಿದುಹೋಯಿತು. ಅದು ಉಚ್ಚಂಗಿದುರ್ಗ. ಹಾಳೆಯ ಕಡೆಯ ಸಾಲುಗಳಲ್ಲಿ ಆಕೆ ಬೆಟ್ಟ ಇಳಿದು ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದಳು, ಮನೆಯವರು ತಟ್ಟೆಯಲ್ಲಿ ಮಂಡಕ್ಕಿ ತಂದುಕೊಟ್ಟಿದ್ದರು. ಅಲ್ಲಿಗೆ ಹಾಳೆ ಹರಿದಿತ್ತು.

ಇನ್ನರ್ಧ ಎಲ್ಲಿ ಎಂದು ಬಂಡಿಯವನನ್ನು ಕೇಳಿದೆ. ಮಿರ್ಚಿಯಲ್ಲಿ ಏನಾದರೂ ಹೆಚ್ಚುಕಡಿಮೆ ಆಯಿತೇನೋ ಎಂದು ಅವನು ಗಾಬರಿಯಾದ. ವಿಷಯ ತಿಳಿದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಹಿಂದೆ ಬಂದ ಗಿರಾಕಿಯ ಕಡೆ ಬೆರಳು ತೋರಿಸಿದ. ಕಲ್ಲುಬೆಂಚಿನ ಮೇಲೆ ಕೂತಿದ್ದ ಒಬ್ಬ ಹಿರಿಯರ ಕೈಯಲ್ಲಿ ಆ ಅರ್ಧವಿತ್ತು. ಅದರೊಳಗೆ ಮೂರು ಮಿರ್ಚಿ. ಅವರಿಗೆ ಹಲ್ಲು ಕಡಿಮೆ. ನಾನು ಪಕ್ಕದಲ್ಲಿ ಕೂತು ಕಾದೆ. ನನ್ನ ದೃಷ್ಟಿ ಮಿರ್ಚಿಯ ಮೇಲಿದೆ ಎಂದುಕೊಂಡು ಅವರು ಒಂದನ್ನು ನನಗೆ ಕೊಡಲು ಬಂದರು. ಹಾಳೆ ಬೇಗ ಖಾಲಿಯಾಗಲಿ ಎಂದು ಅದನ್ನೂ ತಿಂದೆ. ಹರಪನಹಳ್ಳಿಯ ಬಸ್ಸು ಬಂದು ಹೋಯಿತು. ಕಡೆಗೆ ಕಾಗದ ಕೈಗೆ ಬಂತು, ಓದಿದೆ, ಓದಬಾರದಾಗಿತ್ತು ಅನ್ನಿಸಿತು.

ಯಾಕೆ ಅನ್ನಿಸಿತು ಎಂಬುದನ್ನು ತಿಳಿಯಬೇಕಾದರೆ ನೀವು ನಮ್ಮ ನೀಲಮ್ಮತ್ತೆಯ ಬಗ್ಗೆ ಕೇಳಬೇಕು.

ನೀಲಮ್ಮ ನಮ್ಮಪ್ಪನ ತಂಗಿ. ಉಚ್ಚಂಗಿದುರ್ಗಕ್ಕೆ ಕೊಟ್ಟ ಹೆಣ್ಣು. ಆಕೆಯ ಬದುಕಿನಲ್ಲಿ ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ಆಗಿವೆ. ಆದರೆ ಆಕೆಯನ್ನು ಕೇಳಿದರೆ ಆಗಿರುವುದು ಒಂದೇ ಸಂಗತಿ. ಕುಮುದಮಾಲಾ ಅವರ ಮನೆಗೆ ಬಂದಿದ್ದಳು. ಅತ್ತೆ ಆಗ ಸಣ್ಣ ವಯಸ್ಸಿನ ಸೊಸೆ. ಮೇಲೆ ಸಿನಿಮಾದವರು ಬೀಡುಬಿಟ್ಟಿದ್ದರು, ಮಧ್ಯಾಹ್ನ ಆಕೆ ಇಳಿದು ಬಂದು ಇವರ ಕಟ್ಟೆಯ ಮೇಲೆ ಕೂತು ನೀರು ಕೇಳಿದಳು. ಬಂದವರಿಗೆ ಬರೀ ನೀರು ಕೊಟ್ಟು ಕಳಿಸುವುದುಂಟೇ? ಅತ್ತೆಯ ಅತ್ತೆ ಏನಾದರೂ ಮಾಡೆಂದು ಹೇಳಿದಳು, ನೀಲಮ್ಮತ್ತೆ ಖಾರದ ಮಂಡಕ್ಕಿ ಹಚ್ಚಿಕೊಟ್ಟಳು. ಒಂದು ತುತ್ತು ತಿಂದ ಕೂಡಲೇ ಆ ಮಹಾತಾಯಿಯ ಕಣ್ಣಲ್ಲಿ ನೀರು ಬಂತು. ಎರಡನೇ ತುತ್ತಿಗೆ ಕೆನ್ನೆಯ ಮೇಲೆ ಇಳಿಯಿತು. ತನ್ನ ತಾಯಿ ನೆನಪಾದಳು ಎಂದು ಆಕೆ ಅತ್ತಳಂತೆ. ತಾಯಿ ನೆನಪಾದಳೆಂದು ಆಕೆ ಹೇಳಿದಳೇ ಎಂದರೆ, ಹೇಳಲಿಲ್ಲ, ಆದರೆ ಮತ್ಯಾಕೆ ಅಳುತ್ತಾಳೆ ಎನ್ನುತ್ತಿದ್ದಳು ಅತ್ತೆ. ಹೋಗುವಾಗ ಅತ್ತೆಯ ಕೈ ಹಿಡಿದು, ಇಂಥಾದ್ದನ್ನು ನಾನು ಜನ್ಮದಲ್ಲಿ ತಿಂದಿಲ್ಲಮ್ಮ ಎಂದಳಂತೆ. ಈ ಒಂದು ಮಾತಿನಿಂದ ಅತ್ತೆ ಐವತ್ತು ವರ್ಷ ತಲೆ ಎತ್ತಿಕೊಂಡು ಬದುಕಿದ್ದಾಳೆ.

ನಾನೂ ಆ ಕಥೆಯಿಂದ ಸಾಕಷ್ಟು ತಿಂದಿದ್ದೇನೆ. ಹಡಗಲಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದಾಗ, ಕುಮುದಮಾಲಾ ನಮ್ಮ ಬಳಗ ಎನ್ನುವವರೆಗೂ ಹೋಗಿದ್ದೆ. ಅದರ ಪ್ರಭಾವದಿಂದ ಸ್ನಾನದ ಮನೆಯ ಸಾಲಿನಲ್ಲಿ ನನಗೆ ಮುಂದಿನ ಜಾಗ ಸಿಗುತ್ತಿತ್ತು.

ಆ ಮಂಡಕ್ಕಿ ಮಾಡುವುದು ಬ್ರಹ್ಮವಿದ್ಯೆಯೇನೂ ಅಲ್ಲ, ಕಟ್ಟೆಯ ಮೇಲೆ ಬಂದವರು ಕಾಲು ತೊಳೆಯುವುದರೊಳಗೆ ಆಗುತ್ತದೆ. ಪುಡಿಯೊಂದು ಮೊದಲೇ ಇರಬೇಕು. ಒಂದು ಬಟ್ಟಲು ಪುಟಾಣಿ, ಅಂದರೆ ಹುರಿಗಡಲೆ. ಬಣ್ಣಕ್ಕೆ ಹತ್ತು ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ನಾಲ್ಕು ಗುಂಟೂರಿನವು, ಎರಡನ್ನೂ ಬಿಸಿ ಮಾಡಿ. ಒಂದು ತುಂಡು ಒಣಕೊಬ್ಬರಿ, ಆರೇಳು ಎಸಳು ಬೆಳ್ಳುಳ್ಳಿ, ಚೂರು ಜೀರಿಗೆ, ಉಪ್ಪು. ಇವನ್ನು ಕುಟ್ಟಬೇಕು. ಮಿಕ್ಸಿಯೂ ಆದೀತು, ಅತ್ತೆಗೆ ಹೇಳಬೇಡಿ. ಮಂಡಕ್ಕಿಗೆ ಶೇಂಗಾ ಎಣ್ಣೆಯಲ್ಲಿ ಸಾಸಿವೆ, ನಾಲ್ಕು ಶೇಂಗಾ, ಕರಿಬೇವು, ಅರಿಶಿನ ಹಾಕಿ ಕೆಳಗಿಳಿಸಿ, ಎಣ್ಣೆ ಬೆರಳು ಮುಟ್ಟಿಸುವಷ್ಟು ಆರಿದ ಮೇಲೆ ಸುರಿಯಬೇಕು. ಒಂದು ಸೇರು ಮಂಡಕ್ಕಿಗೆ ಎರಡೇ ಚಮಚ ಪುಡಿ. ಕೈಯಿಂದಲೇ ಕಲಸಬೇಕು. ಉಳ್ಳಾಗಡ್ಡಿ, ಕೊತ್ತಂಬರಿ, ಲಿಂಬೆಹುಳಿ ಮಾತ್ರ ಬಂದವರು ಕೂತ ಮೇಲೆಯೇ. ಮೊದಲೇ ಹಾಕಿದರೆ ಮಂಡಕ್ಕಿ ಮೆತ್ತಗಾಗಿ ಮರ್ಯಾದೆ ಹೋಗುತ್ತದೆ. ಇನ್ನೊಂದು ಕಟ್ಟಳೆ ಇದೆ. ರುಚಿ ನೋಡುವಂತಿಲ್ಲ. ಬಂದವರ ಬಾಯಿಗೆ ಹೋಗುವ ಮೊದಲು ಮಾಡಿದವರ ನಾಲಿಗೆಗೆ ತಾಕಿದರೆ ಅದು ಎಂಜಲು. ಆ ಮನೆಯಲ್ಲಿ ಇದು ಕಲ್ಲಿನಲ್ಲಿ ಬರೆದ ಮಾತಾಗಿತ್ತು.

ಕಥೆ ಇಷ್ಟು ಸೊಗಸಾಗಿದ್ದರೂ ಅತ್ತೆಗೆ ಒಂದು ಸುಖವಿರಲಿಲ್ಲ. ಆಕೆಯ ಮೈದುನನ ಹೆಂಡತಿ ಶಿವಮ್ಮ ಇದನ್ನು ಒಪ್ಪುತ್ತಿರಲಿಲ್ಲ. ಅತ್ತೆ ಯಾರಾದರೂ ನೆಂಟರನ್ನು ಕೂರಿಸಿಕೊಂಡು ಕಥೆ ತೆಗೆದಳೆಂದರೆ ಶಿವಮ್ಮ ಒಳಗಿನಿಂದಲೇ, ಬಂದಾಕಿ ಸಿಡುಬಿನ ಚುಚ್ಚುಮದ್ದು ಹಾಕಾಕಿ ಎಂದು ಕೂಗಿ ಹೇಳುತ್ತಿದ್ದಳು. ನೆಂಟರು ಅತ್ತೆಯ ಮುಖ ನೋಡುತ್ತಿದ್ದರು, ಆಮೇಲೆ ಮಾತು ಬದಲಿಸುತ್ತಿದ್ದರು. ಅಂದು ಕಣ್ಣಾರೆ ಕಂಡ ಮಿಕ್ಕವರು ಒಬ್ಬೊಬ್ಬರಾಗಿ ತೀರಿಹೋಗಿ, ಕಡೆಗೆ ಹೌದೆನ್ನಲು ಉಳಿದವಳು ಶಿವಮ್ಮ ಒಬ್ಬಳೇ. ಹಾಗೆಂದು ಅವರಿಬ್ಬರು ಹಾವು ಮುಂಗುಸಿಯೇನಲ್ಲ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಗಂಜಿ ಕಾಸುತ್ತಾರೆ. ಆದರೆ ಕುಮುದಮಾಲಾ ವಿಷಯಕ್ಕೆ ಬಂದರೆ ಶಿವಮ್ಮನ ಮುಖ ಕಲ್ಲಾಗುತ್ತಿತ್ತು. ಹೋದ ವರ್ಷ ಕಣ್ಣಿನ ಆಪರೇಶನ್ನಿಗೆ ಕರೆದುಕೊಂಡು ಹೋದಾಗ ಅತ್ತೆ ದಾರಿಯಲ್ಲಿ ನನಗೆ ಹೇಳಿದ್ದಳು: “ನನಗ ಬ್ಯಾರೆ ಏನೂ ಬ್ಯಾಡಪಾ. ಸಾಯೂದ್ರಾಗ ಶಿವಿ ಒಂದ್ಸಲ, ಹೌದು ಬಂದಿದ್ಳು ಅಂದ್ರ ಸಾಕು.”

ಈಗ ನನ್ನ ಪೇಚಾಟ ನಿಮಗೆ ತಿಳಿದಿರಬೇಕು. ಬಂದಿದ್ದಳು ಎಂಬುದಕ್ಕೆ ಸಾಕ್ಷಿ ನನ್ನ ಎಡಗೈಯ ಹಾಳೆಯಲ್ಲಿತ್ತು. ಯಾಕೆ ಅತ್ತಳು ಎಂಬುದು ಬಲಗೈಯ ಹಾಳೆಯಲ್ಲಿತ್ತು. ಎಡಗೈಯದನ್ನು ಓದಿ ಬಲಗೈಯದನ್ನು ನುಂಗಿಬಿಡುವುದೆಂದು ತೀರ್ಮಾನಿಸಿ, ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಹರಪನಹಳ್ಳಿಯ ಕೆಲಸ ಬಿಟ್ಟು ಉಚ್ಚಂಗಿದುರ್ಗದ ಬಸ್ಸು ಹಿಡಿದೆ.

ಅತ್ತೆ ಕಟ್ಟೆಯ ಮೇಲೆಯೇ ಕೂತಿದ್ದಳು. ವಿಷಯ ಹೇಳಿದ ಕೂಡಲೇ ಆಕೆ ಹಾಳೆಯನ್ನು ಕಣ್ಣಿಗೊತ್ತಿಕೊಂಡಳು, ಹಣೆಗೆ ಎಣ್ಣೆಯಾಯಿತು. ನೀನೊಬ್ಬಳೇ ಕೇಳು ಎಂದರೆ ಕೇಳಲಿಲ್ಲ. ಶಿವಿ ಬಂದ ಹೊರತು ಒಂದು ಅಕ್ಷರವನ್ನೂ ಓದಬೇಡ ಎಂದು ಕೂತಳು. ಶಿವಮ್ಮ ಮೊರದಲ್ಲಿ ತೊಗರಿ ಹಿಡಿದುಕೊಂಡು ಬಂದು, ಬಂದ ಹಾಗೂ ಇರಬೇಕು ಬರದ ಹಾಗೂ ಇರಬೇಕು ಎನ್ನುವಂತೆ ಹೊಸ್ತಿಲ ಮೇಲೆ ಕೂತಳು.

ಓದಿದೆ. ನಾಟಕದ ಕಂಪನಿ ಬಂತು, ಗ್ಲಿಸರಿನ್ ಬಂತು, ದುರ್ಗ ಬಂತು, ಕಟ್ಟೆಯೂ ಬಂತು. ಅತ್ತೆ ಹೊಸ್ತಿಲ ಕಡೆ ತಿರುಗಿ ನೋಡಿದಳು. ಊರಿನಲ್ಲಿ ಕಟ್ಟೆ ಇರುವುದು ನಮ್ಮ ಮನೆಗೊಂದೇ ಏನು ಎಂದಳು ಶಿವಮ್ಮ, ತೊಗರಿಯಿಂದ ತಲೆಯೆತ್ತದೆ. ನಾನು ಮುಂದೆ ಓದಿದೆ. ಕಟ್ಟೆಯ ಎದುರಿನ ಬೇವಿನ ಮರಕ್ಕೆ ಒಂದೇ ಕೊಂಬಿನ ಎಮ್ಮೆ ಕಟ್ಟಿತ್ತು ಎಂದು ಆಕೆ ಬರೆದಿದ್ದಳು. ಅದು ನನ್ನ ಇಲಾಖೆಯ ವಿಷಯ. ಸುತ್ತಲಿನ ಊರುಗಳಲ್ಲಿ ಒಂಟಿಕೊಂಬಿನ ಎಮ್ಮೆ ಇದ್ದದ್ದು ಈ ಮನೆಯಲ್ಲಿ ಮಾತ್ರ. ಬೀಗರು ಮನೆ ಹುಡುಕಿಕೊಂಡು ಬರುತ್ತಿದ್ದದ್ದು ಅದರ ಗುರುತಿನಿಂದಲೇ. ಶಿವಮ್ಮನ ಕೈ ಮೊರದಲ್ಲಿ ನಿಂತಿತು.

“ಇಷ್ಟ ಐತಿ ಅತ್ತಿ” ಎಂದು ಹಾಳೆ ಮಡಚಿದೆ.

ಆಪರೇಶನ್ ಆದ ಮೇಲೆ ಅತ್ತೆಯ ಕಣ್ಣಿಗೆ ಬೇಡದ್ದೆಲ್ಲ ಕಾಣುತ್ತದೆ. ನನ್ನ ಬಿಳಿ ಅಂಗಿಯ ಜೇಬಿನ ಮೇಲೆ ಎಣ್ಣೆಯ ಕಲೆ ದೊಡ್ಡದಾಗುತ್ತಿತ್ತು. ಜೇಬಿನಲ್ಲಿರುವುದನ್ನು ತೆಗೆ ಎಂದಳು. ಅದು ಬೇರೆ ಎಂದೆ. ಬೇರೆಯಾದರೂ ಓದು ಎಂದಳು. ಐವತ್ತು ವರ್ಷ ಆ ಹೊಗಳಿಕೆಯನ್ನು ತಾನೇ ಹೇಳಿಕೊಂಡವಳು, ಒಂದು ಸಲ ಇನ್ನೊಬ್ಬರ ಬಾಯಿಂದ ಕೇಳುವ ಆಸೆಯಿಂದ ಸೆರಗು ಸರಿಮಾಡಿಕೊಂಡು ಕೂತಳು. ನನಗೆ ಸುಳ್ಳು ಓದಲು ಬರುತ್ತಿತ್ತೋ ಏನೋ, ಆದರೆ ಆ ಮುಖ ನೋಡುತ್ತಾ ಓದಲು ಬರಲಿಲ್ಲ. ಇದ್ದದ್ದನ್ನೇ ಓದಿದೆ.

ಕುಮುದಮಾಲಾ ಬರೆದಿದ್ದಳು: ‘ಅದು ಮಂಡಕ್ಕಿಯಲ್ಲ, ಕೆಂಡ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಸುತ್ತ ನಿಂತ ಹೆಂಗಸರು ಅದನ್ನು ಕಂಡು ಬಹಳ ಸಂತೋಷಪಟ್ಟು ಇನ್ನೊಂದು ಹಿಡಿ ಬಡಿಸಿದರು. ಬೇಡವೆನ್ನಲು ನಾಲಿಗೆ ಏಳಲಿಲ್ಲ. ಅದೇ ಕಣ್ಣಿನಲ್ಲಿ ಬೆಟ್ಟ ಹತ್ತಿದೆ, ಕ್ಯಾಮರಾದ ಮುಂದೆ ನಿಂತೆ. ಒಂದೇ ಸಲಕ್ಕೆ ದೃಶ್ಯ ಮುಗಿಯಿತು. ನಿರ್ದೇಶಕರು ನನಗೆ ಕೈಮುಗಿದರು. ಅಂದಿನಿಂದ ನಾನು ಅಳುವ ನಟಿಯಾದೆ. ಇನ್ನು ನಗಿಸುವ ಪಾತ್ರ ಯಾರೂ ಕೊಡಲಿಲ್ಲ. ಒಂದು ಮಾತು ಮಾತ್ರ ಇಂದಿಗೂ ತಿಳಿಯದು. ಆ ಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗಿಯೂ ನನ್ನಂತೆಯೇ ಅಳುತ್ತಿದ್ದಳು. ಅವಳು ಮಂಡಕ್ಕಿ ತಿಂದಿರಲಿಲ್ಲ.’

ಓದಿ ಮುಗಿಸಿ ತಲೆ ಎತ್ತಲಿಲ್ಲ. ನನ್ನ ಹಾಳು ಚಟಕ್ಕೆ ಶಾಪ ಹಾಕಿಕೊಂಡೆ. ಲೋಕದಲ್ಲಿ ಎಲ್ಲರೂ ಮಿರ್ಚಿ ತಿಂದು ಪೇಪರು ಬಿಸಾಡುತ್ತಾರೆ, ನನಗೇನು ಬಂದಿತ್ತು? ಅತ್ತೆಯ ಒಂದೇ ಒಂದು ಸಂಪತ್ತನ್ನು ನಾನೇ ಹೊತ್ತು ತಂದು ಆಕೆಯ ಎದುರಿಗೇ ಒಡೆದಿದ್ದೆ. ನಿಜವಾಗಿ ಸಂಕಟವಾಯಿತು.

ಅತ್ತೆ ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ ತನಗೆ ತಾನೇ ಹೇಳಿಕೊಂಡಳು: “ನಾ ಹಾಕಿದ್ದು ಎರಡ ಚಮಚ. ಎರಡ ಚಮಚಕ್ಕ ಯಾರೂ ಅಳಂಗಿಲ್ಲ.” ಹಾಗೆಂದವಳು ನಿಧಾನವಾಗಿ ಹೊಸ್ತಿಲ ಕಡೆ ತಿರುಗಿದಳು. “ಬಾಗಲಾಗ ನಿಂತಾಕಿ ನೀನ ಅಲ್ಲೇನು?”

ಶಿವಮ್ಮ ಮೊರ ಕೆಳಗಿಟ್ಟಳು. ಆಮೇಲೆ ಆಕೆ ಹೇಳಿದ್ದನ್ನು ನಾನು ಒಟ್ಟು ಮಾಡಿ ಹೇಳುತ್ತೇನೆ, ಯಾಕೆಂದರೆ ಆಕೆ ತಡೆತಡೆದು ಹೇಳಿದಳು. ಆಗ ಆಕೆ ಮದುವೆಯಾಗಿ ಬಂದು ಎರಡು ತಿಂಗಳು. ಮನೆಯಲ್ಲಿ ಹೊತ್ತು ಹುಟ್ಟಿದರೆ ನೀಲಿಯ ಕೈಗುಣ, ಹೊತ್ತು ಮುಳುಗಿದರೆ ನೀಲಿಯ ಕೈಗುಣ. ಅವರಿಬ್ಬರ ಅತ್ತೆ ಹೊಗಳುತ್ತಾಳೆ, ಮಾವ ಹೊಗಳುತ್ತಾನೆ, ಕಟ್ಟಿಕೊಂಡ ಗಂಡನೂ ಅತ್ತಿಗೆ ಮಾಡಿದ ಹಾಗೆ ಮಾಡು ಎನ್ನುತ್ತಾನೆ. ಅಂದು ನೀಲಮ್ಮತ್ತೆ ಪುಡಿ ಹಾಕಿ ಕಲಸಿ, ಉಳ್ಳಾಗಡ್ಡಿ ತರಲು ಹಿತ್ತಲಿಗೆ ಹೋದಾಗ, ಇವತ್ತೊಂದು ದಿನ ಈಕೆಯ ಕೈ ಕೆಡಲಿ ಎಂದು ಇನ್ನೊಂದು ಮುಷ್ಟಿ ಪುಡಿ ತುಂಬಿ ಕಲಸಿಟ್ಟಳು. ರುಚಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲವಲ್ಲ. ಬಂದವಳು ಅಳಲು ಹತ್ತಿದಾಗ ಶಿವಮ್ಮನಿಗೆ ಜೀವ ಹೋಯಿತು, ಬಾಗಿಲ ಹಿಂದೆ ನಿಂತು ತಾನೂ ಅತ್ತಳು. ಆದರೆ ಆದದ್ದೇನು? ಯಾರೂ ನೀಲಮ್ಮನನ್ನು ಬೈಯಲಿಲ್ಲ. ಕಣ್ಣಲ್ಲಿ ನೀರು ಬಾರದಿದ್ದರೆ ಅದು ತಿಂಡಿಯೇ ಅಲ್ಲ ಎನ್ನುವ ನಮ್ಮ ಜನ, ಸಿನಿಮಾದ ತಾರೆ ಮಂಡಕ್ಕಿ ಮೆಚ್ಚಿ ಅತ್ತಳು ಎಂದು ಊರೆಲ್ಲ ಡಂಗುರ ಹೊಡೆದರು. ಕೆಡಿಸಲು ಹಾಕಿದ ಮುಷ್ಟಿಯಿಂದಲೇ ನೀಲಮ್ಮ ಇನ್ನೂ ದೊಡ್ಡವಳಾದಳು.

“ಹೇಳಿದ್ರ ಮನ್ಯಾಗ ಇಟಗೊತಿದ್ರೇನು ನನ್ನ?” ಎಂದಳು ಶಿವಮ್ಮ. “ಹೇಳಾಕ ಬರಲಿಲ್ಲ. ನೀ ಹೇಳೂದು ಕೇಳಾಕೂ ಆಗಲಿಲ್ಲ. ಅದಕ್ಕ ಅಕಿ ಬಂದೇ ಇಲ್ಲ ಅಂದೆ.”

ನಾನು ಲೆಕ್ಕ ಹಾಕುತ್ತಾ ಕೂತೆ. ಒಂದು ಮುಷ್ಟಿ ಹೊಟ್ಟೆಕಿಚ್ಚಿನಿಂದ ನಾಡಿಗೊಬ್ಬ ಮಹಾನಟಿ ಸಿಕ್ಕಿದಳು, ನಮ್ಮತ್ತೆಗೆ ಐವತ್ತು ವರ್ಷದ ಹೆಮ್ಮೆ ಸಿಕ್ಕಿತು, ನನಗೆ ಸ್ನಾನದ ಮನೆಯಲ್ಲಿ ಮುಂದಿನ ಜಾಗ ಸಿಕ್ಕಿತು. ಹಾಕಿದವಳಿಗೆ ಮಾತ್ರ ಏನೂ ಸಿಗಲಿಲ್ಲ. ಪಾಪ ಅನ್ನಿಸಿತು. ಆದರೆ ಅತ್ತೆಯ ಮುಖ ಬಿಗಿದುಕೊಂಡಿತ್ತು, ಇನ್ನೇನು ಮಹಾಭಾರತ ಸುರುವಾಯಿತು ಎಂದು ನಾನು ಚಪ್ಪಲಿಯ ಮೇಲೆ ಕಣ್ಣಿಟ್ಟೆ.

“ಶಿವಿ” ಎಂದಳು ಅತ್ತೆ. “ನೀ ಮುಷ್ಟಿ ತುಂಬಿದ ಪುಡಿ ಕುಟ್ಟಿದಾಕಿ ಯಾರು?”

ಶಿವಮ್ಮ ತಲೆ ಎತ್ತಿ ನೋಡಿದಳು. ಆ ಪ್ರಶ್ನೆ ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ನನಗೆ ಇನ್ನೂ ಹೆಚ್ಚು ಹೊತ್ತು.

“ಪುಡಿ ನಿಂದ ಅಕ್ಕ” ಎಂದಳು. “ಮುಷ್ಟಿ ನಂದು.”

ಹಂಗ ಬಾ ಹಾದಿಗೆ ಎನ್ನುವಂತೆ ಅತ್ತೆ ಕಟ್ಟೆಯ ಮೇಲೆ ಸ್ವಲ್ಪ ಸರಿದು ಕೂತಳು. ಶಿವಮ್ಮ ಹೊಸ್ತಿಲಿನಿಂದ ಎದ್ದು ಬಂದು ಆ ಜಾಗದಲ್ಲಿ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಬೀದಿಯ ಕಡೆ ನೋಡುತ್ತಾ ಕೂತರು. ಅಷ್ಟರಲ್ಲಿ ಎದುರುಮನೆಯ ಸೊಸೆ ಕೊಡ ಹಿಡಿದುಕೊಂಡು ಹೋಗುತ್ತಿದ್ದವಳು, ಇಬ್ಬರು ಅತ್ತೆಯರೂ ಒಂದೇ ಕಡೆ ಕೂತಿದ್ದೀರಲ್ಲ, ಏನು ವಿಶೇಷ ಎಂದು ಕೇಳಿದಳು. ಅತ್ತೆ ಬಾಯಿ ತೆರೆಯುವ ಮೊದಲೇ ಶಿವಮ್ಮ ಅಂದಳು:

“ಕುಮುದಮಾಲಾ ನಮ್ಮನಿಗೆ ಬಂದಿದ್ಳಲ್ಲವಾ, ಆ ಮಾತು ತಗದಿದ್ವಿ. ಕೊಡ ಇಳಿಸಿ ಕುಂದರ ಬಾ, ಹೇಳ್ತೀನಿ.”

ಆ ಹುಡುಗಿ ಕೊಡ ಇಳಿಸಿದಳು. ಶಿವಮ್ಮ ಮೊದಲಿನಿಂದ ಸುರು ಮಾಡಿದಳು. ನೀಲಮ್ಮತ್ತೆ ಎಲ್ಲಿಯೂ ಅಡ್ಡ ಬಾಯಿ ಹಾಕದೆ, ಮುಂದೇನಾಯಿತೆಂದು ತನಗೇ ಗೊತ್ತಿಲ್ಲದವಳ ಹಾಗೆ ಗದ್ದಕ್ಕೆ ಕೈಕೊಟ್ಟು ಕೇಳುತ್ತಾ ಕೂತಳು.